ಸೇರಿಗೆ ಹನ್ನೆರಡು ಗುಂಜಿ

ಮೂರನೆಯ ಸಲವೂ ಅದೇ ಲೆಕ್ಕ ಬಂದಾಗ ನಿರ್ಮಲ ಗಾಜಿನ ಕೊಳವೆಯ ತಿರುಪು ಮುಚ್ಚಿ, ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕೂತುಬಿಟ್ಟಳು. ಸೇರಿಗೆ ನಲವತ್ತೈದು ಗುಂಜಿ. ಇರಬೇಕಾದದ್ದು ಹನ್ನೆರಡು. ಹೋದ ವಾರ ನಲವತ್ತೊಂದು ಇತ್ತು, ಅದರ ಹಿಂದಿನ ವಾರ ಮೂವತ್ತಾರು. ಈ ಮೂರು ವಾರದಲ್ಲಿ ನಿಕಲ್ ತೊಟ್ಟಿಗೆ ಒಂದು ಚಿಟಿಕೆ ಹೊಳಪಿನ ಪುಡಿಯನ್ನೂ ಹಾಕಿಲ್ಲವೆಂದು ಮೇಸ್ತ್ರಿ ಕರಿಸಿದ್ದಪ್ಪ ಹಣೆಯ ವಿಭೂತಿ ಮುಟ್ಟಿ ಹೇಳಿದ್ದ.

ಹಾಕದೆ ಹೆಚ್ಚಾಗುವುದಕ್ಕೆ ಅದೇನು ಹಾಲಿಗೆ ಬಿಟ್ಟ ಹೆಪ್ಪೇ?

ಅವಳು ಚೀಟಿ ಹಿಡಿದು ಅಂಗಳ ದಾಟಿ ಅಪ್ಪನ ಹತ್ತಿರ ಹೋದಳು. ಕೊಟ್ಟೂರಪ್ಪ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಅಪ್ಪ, ನಲವತ್ತೈದು."

"ಹೂಂ."

"ಹೂಂ ಅಂದ್ರೇನಪ್ಪ? ಯಾರೋ ಹಾಕ್ತಾವ್ರೆ."

"ಇನ್ನೊಂದು ಸಲ ನೋಡವ್ವ," ಎಂದ ಕೊಟ್ಟೂರಪ್ಪ, ಎಲೆ ಮಡಿಸುತ್ತ. "ನಿನ್ ಸೀಸೆ ತಪ್ಪಿದ್ರೂ ತಪ್ಪಿರಬೌದು."

ನಿರ್ಮಲಳಿಗೆ ಮೈ ಉರಿಯಿತು. ಬಿ.ಎಸ್ಸಿ. ಓದಿಸಿದ್ದು ಇದೇ ಅಪ್ಪ. ಹಿಂದೂಪುರದ ಬೆಲ್ಲದ ಮಂಡಿಗೆ ಬಂದವರಿಗೆಲ್ಲ "ನಮ್ಮ ಹುಡುಗಿ ಬೆಂಗಳೂರ್ನಾಗೆ ಕೆಮಿಸ್ಟ್ರಿ ಓದ್ಕೊಂಡು ಬಂದೈತೆ" ಎಂದು ಹೇಳಿ ಮೀಸೆ ತೀಡುವವನೂ ಇದೇ ಅಪ್ಪ. ಆದರೆ ಅವಳು ಬಾಯಿಬಿಟ್ಟು ಒಂದು ಲೆಕ್ಕ ಹೇಳಿದರೆ ತಪ್ಪಿರುವುದು ಸೀಸೆ.

ಮಾರ್ಕೆಟ್ಟಿನ ಹಿಂದೆ, ಮನೆಯ ಹಿತ್ತಿಲಿಗೆ ಅಂಟಿಕೊಂಡಂತೆ ಕೊಟ್ಟೂರಪ್ಪನ ನಿಕಲ್ ಶೆಡ್ಡು ಇತ್ತು. ತಲೆಮಾರಿನಿಂದ ಬಂದದ್ದು ಬೆಲ್ಲದ ವ್ಯಾಪಾರ; ಶೆಡ್ಡು ಮಾತ್ರ ಅವನ ಸ್ವಂತದ್ದು. ಇಪ್ಪತ್ತು ವರ್ಷದ ಹಿಂದೆ, ಕಲ್ಯಾಣದುರ್ಗದ ಕರಿಸಿದ್ದಪ್ಪ ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದಾಗ ಇಬ್ಬರೂ ಸೇರಿ ಹಾಕಿದ್ದು. ಒಂದು ಆಯಿಲ್ ಇಂಜಿನ್ನು, ಅದರಿಂದ ತಿರುಗುವ ಒಂದು ಡೈನಮೋ, ಒಳಗೆ ಸೀಸದ ತಗಡು ಹೊದಿಸಿದ ಮರದ ತೊಟ್ಟಿ. ತೊಟ್ಟಿಯಲ್ಲಿ ನಿಕಲ್ ಉಪ್ಪು ಕರಗಿದ ಇನ್ನೂರು ಸೇರು ಹಸಿರು ನೀರು. ಆ ನೀರಿನಲ್ಲಿ ಹಿತ್ತಾಳೆಯನ್ನೋ ಕಬ್ಬಿಣವನ್ನೋ ಇಳಿಬಿಟ್ಟು ಕರೆಂಟು ಹರಿಸಿದರೆ ಅರ್ಧ ಗಂಟೆಯಲ್ಲಿ ಅದು ಬೆಳ್ಳಗಾಗಿ ಬರುತ್ತಿತ್ತು. ಮೊದಲೆಲ್ಲ ಮಂಕಾಗಿ ಬರುತ್ತಿತ್ತು, ಆಮೇಲೆ ಗಾಲಿಯಲ್ಲಿ ಉಜ್ಜಿ ಹೊಳಪು ತರಿಸಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮದರಾಸಿನ ಅಂಗಡಿಯೊಂದರಿಂದ ಹೊಳಪಿನ ಪುಡಿ ಬರತೊಡಗಿತು. ಡಬ್ಬಿಯ ಮೇಲೆ ಹೆಸರಿಲ್ಲ, 'ನಂಬರ್ ಎರಡು' ಅಂತಷ್ಟೇ. ಅದನ್ನು ಒಂದಿಷ್ಟು ತೊಟ್ಟಿಗೆ ಹಾಕಿದರೆ ಸಾಮಾನು ನೀರಿನಿಂದ ಏಳುವಾಗಲೇ ಕನ್ನಡಿಯಂತೆ ಏಳುತ್ತಿತ್ತು. ಎಷ್ಟು ಹಾಕಬೇಕೆನ್ನುವುದು ಕರಿಸಿದ್ದಪ್ಪನ ಕೈಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಅದಕ್ಕೆ ಎಲ್ಲರೂ 'ಕೈಗುಣ' ಎನ್ನುತ್ತಿದ್ದರು.

ಕೈಗುಣ ಕೆಟ್ಟ ಸುದ್ದಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಲ್ಯಾಣದುರ್ಗದಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ತೋಟಪ್ಪ ಒಂದು ಬೆಳಗ್ಗೆ ಗೋಣಿಚೀಲ ಹೊತ್ತುಕೊಂಡು ಬಂದು ಪಡಸಾಲೆಯಲ್ಲಿ ದಡಕ್ಕನೆ ಇಳಿಸಿದ. ಒಳಗಿದ್ದದ್ದು ಸೈಕಲ್ಲಿನ ಹ್ಯಾಂಡಲ್ಲುಗಳು, ಎರಡು ತಿಂಗಳ ಹಿಂದೆ ಇಲ್ಲಿಯೇ ನಿಕಲ್ ಹಾಕಿಸಿಕೊಂಡು ಹೋದವು. ಬೆಂದ ಈರುಳ್ಳಿಯಂತೆ ಪದರಪದರವಾಗಿ ಎದ್ದಿದ್ದವು.

"ಇದು ಚೂಡಪ್ಪ ಕೊಟ್ಟೂರಪ್ಪ," ಎಂದು ತೋಟಪ್ಪ ತೆಲುಗು ಬೆರೆಸಿ, ಒಂದನ್ನು ಎತ್ತಿ ತೋರಿಸಿದ. "ಟೈಲರ್ ಓಬಣ್ಣ ಬೆಳುಗುಪ್ಪಕ್ಕೆ ಹೋಗಿಬತ್ತೀನಿ ಅಂತ ನನ್ ಸೈಕಲ್ ತಗೊಂಡ. ದಿಣ್ಣೆ ಇಳಿಯೋವಾಗ ಹ್ಯಾಂಡಲ್ ಗಟ್ಟಿ ಹಿಡ್ದವ್ನೆ. ಇದರ ಸಿಪ್ಪೆ ಅಂಗೈಗೆ ಇಷ್ಟುದ್ದ ಇಳಿದುಬುಟ್ಟೈತೆ. ಹತ್ತು ದಿನ ಆಯ್ತು, ಕತ್ರಿ ಹಿಡಿಯೋಕಾಗ್ತಿಲ್ಲ. ಮನೆ ಮುಂದೆ ಬಂದು ಕೂತವ್ನೆ, ನಾನು ಏಂ ಚೇಯಾಲಿ, ಏನ್ ಮಾಡ್ಲಿ?"

ನಿರ್ಮಲ ಆ ಸಿಪ್ಪೆಯೊಂದನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಬ್ಲೇಡಿನಂತೆ ಹರಿತವಾಗಿತ್ತು, ಬಗ್ಗಿಸಿದರೆ ಟಿಕ್ಕೆಂದು ಮುರಿಯಿತು. ಬೆಂಗಳೂರಿನ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಅವಳು ಒಂದು ವರ್ಷ ಕೆಲಸ ಮಾಡಿ ಬಂದಿದ್ದಳು; ಇಂಥದ್ದನ್ನು ಅಲ್ಲಿ ನೋಡಿದ್ದಳು. ಹೊಳಪಿನ ಪುಡಿ ಹದ ಮೀರಿದರೆ ನಿಕಲ್ ಹೊಳೆಯುತ್ತದೆ, ಆದರೆ ಹಪ್ಪಳದಂತಾಗುತ್ತದೆ.

"ಪುಡಿ ಜಾಸ್ತಿಯಾಗೈತೆ," ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ಕೊಟ್ಟೂರಪ್ಪ, ಬಾವಿಯ ನೀರು ಕೆಟ್ಟಿದೆ ಎಂದ. ಕರಿಸಿದ್ದಪ್ಪ, ಈಗಿನ ಕಬ್ಬಿಣದಲ್ಲೇ ಸತ್ವವಿಲ್ಲ ಎಂದ. ಅವಳ ಅವ್ವ ಸರ್ವಮಂಗಳಮ್ಮ ಶೆಡ್ಡಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ವಾರ ಕಳೆದ ಮೇಲೆ ಇನ್ನಷ್ಟು ಸಾಮಾನು ಸಿಪ್ಪೆ ಎದ್ದು ವಾಪಸು ಬಂದಾಗ ಕೊಟ್ಟೂರಪ್ಪ ಮಗಳ ಕಡೆ ತಿರುಗಿ, "ಜಾಸ್ತಿ ಅಂತೀಯಲ್ಲ, ಎಷ್ಟು ಜಾಸ್ತಿ? ನೀರಾಗೆ ಕರಗಿ ಹೋಗಿರೋದನ್ನ ಯಾವ ತಕ್ಕಡೀಲಿ ತೂಗ್ತೀಯ?" ಎಂದ.

ತೂಗಬಹುದಿತ್ತು. ಪುಡಿಯನ್ನು ನಾಲಿಗೆಗೆ ತಾಗಿಸಿದಾಗಲೇ ಅವಳಿಗೆ ಅರ್ಧ ಗೊತ್ತಾಗಿತ್ತು. ಯುದ್ಧಕಾಲದಲ್ಲಿ ಸಕ್ಕರೆ ಸಿಗದೆ ಜನ ಕಾಫಿಗೆ ಹಾಕಿಕೊಳ್ಳುತ್ತಿದ್ದ ಸ್ಯಾಕರಿನ್ನಿನದೇ ಆ ಕಡುಸಿಹಿ. ಜತೆಗೆ ಇನ್ನೇನೋ ಇತ್ತು, ಆದರೆ ಎರಡೂ ಒಂದೇ ಡಬ್ಬಿಯಿಂದ ಬೀಳುತ್ತಿದ್ದುದರಿಂದ ಒಂದನ್ನು ಅಳೆದರೆ ಇನ್ನೊಂದರ ಅಂದಾಜು ಸಿಗುತ್ತಿತ್ತು. ತೊಟ್ಟಿಯ ನೀರನ್ನು ಒಂದಿಷ್ಟು ತೆಗೆದು, ಆಸಿಡ್ ಬಿಟ್ಟು, ಈಥರ್ ಸೇರಿಸಿ ಕುಲುಕಬೇಕು. ಸ್ಯಾಕರಿನ್ನು ನೀರು ಬಿಟ್ಟು ಈಥರಿನ ಕಡೆ ಹೋಗುತ್ತದೆ. ಮೇಲೆ ತೇಲುವ ಈಥರನ್ನು ಬೇರೆ ಮಾಡಿ ಆರಿಸಿದರೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ, ಬಣ್ಣ ತೋರಿಸುವ ದ್ರಾವಣದ ಎರಡು ಹನಿ ಹಾಕಿ, ಅಳತೆಯ ಕೊಳವೆಯಿಂದ ಹನಿಹನಿಯಾಗಿ ಕಾಸ್ಟಿಕ್ ಸೋಡ ಬಿಡುತ್ತ ಹೋದರೆ ಯಾವ ಹನಿಗೆ ನೀರು ಗುಲಾಬಿಯಾಗುತ್ತದೋ ಅಲ್ಲಿಗೆ ಲೆಕ್ಕ. ಅವಳು ಕಲಿತದ್ದು ಗ್ರಾಂ, ಲೀಟರುಗಳಲ್ಲಿ. ಆದರೆ ಹಿಂದೂಪುರದಲ್ಲಿ ಗ್ರಾಮಿಗೆ ಯಾರೂ ಹೆದರುವುದಿಲ್ಲ, ಅಕ್ಕಸಾಲಿಯ ಗುಂಜಿಗೆ ಹೆದರುತ್ತಾರೆ. ಹಾಗಾಗಿ ಎಲ್ಲವನ್ನೂ ಸೇರು, ಗುಂಜಿಗಳಿಗೆ ತಿರುಗಿಸಿ ಹೇಳುತ್ತಿದ್ದಳು.

ಹೇಳಲಿಕ್ಕೆ ಸುಲಭ. ಈಥರು ಬೇಕೆಂದರೆ ಆಪರೇಷನ್ನಿಗೆಂದು ಇಟ್ಟುಕೊಂಡ ಡಾಕ್ಟರ ಹತ್ತಿರ ಹೋಗಿ ಬೇಡಬೇಕು. ಶಿವರಾತ್ರಿ ಕಳೆದ ಮೇಲೆ ಹಿಂದೂಪುರದ ಬಿಸಿಲಿಗೆ ಈಥರು ಸೀಸೆಯ ಬಿರಡೆ ತೆಗೆದ ಕೂಡಲೇ ಅರ್ಧ ಹಾರಿಹೋಗುತ್ತಿತ್ತು. ಹೊತ್ತು ಹುಟ್ಟುವ ಮೊದಲೇ ಎದ್ದು, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಸೀಸೆ ಇಟ್ಟುಕೊಂಡು ಕೆಲಸ ಮಾಡಬೇಕು. ಈಥರಿನ ಹಬೆಗೆ ಬೆಂಕಿ ತಾಗಿದರೆ ಮನೆಯೇ ಹತ್ತೀತು. ಆದ್ದರಿಂದ ಅವಳ ಕೆಲಸ ಮುಗಿಯುವವರೆಗೆ ಒಲೆ ಹಚ್ಚುವಂತಿರಲಿಲ್ಲ.

"ನಿನ್ ಸೀಸೆ ಸಲುವಾಗಿ ಮನೆ ಮಂದಿ ಎಲ್ಲ ಕಾಫಿ ಇಲ್ದೆ ಕೂತ್ಕೋಬೇಕೇನೇ?" ಎಂದು ಸರ್ವಮಂಗಳಮ್ಮ ದಿನವೂ ಬೈಯುತ್ತಿದ್ದಳು. ಒಂದು ದಿನ ಮಗಳಿಗೆ ಸಹಾಯವಾಗಲೆಂದು ಅಳತೆಯ ಕೊಳವೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಳು. ಹುಣಸೆಯ ಹುಳಿ ಲೆಕ್ಕದೊಳಗೆ ಸೇರಿ, ಅವತ್ತು ಬೆಳಗಿನ ಕೆಲಸವೆಲ್ಲ ಹಾಳಾಯಿತು. ನಿರ್ಮಲ ಹಿತ್ತಿಲಿಗೆ ಹೋಗಿ, ಅವ್ವನಿಗೆ ಹೇಳಬೇಕಾದದ್ದನ್ನೆಲ್ಲ ಸೀಗೆ ಗಿಡಕ್ಕೆ ಹೇಳಿ ಬಂದಳು.

ತನ್ನ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ಅವಳು ತಾನೇ ಪರೀಕ್ಷೆ ಮಾಡಿಕೊಂಡಿದ್ದಳು. ಪುಡಿಯಿಲ್ಲದ ಹೊಸ ನಿಕಲ್ ನೀರಿಗೆ ಸೇರಿಗೆ ಇಪ್ಪತ್ತು ಗುಂಜಿ ಸ್ಯಾಕರಿನ್ನು ತೂಗಿ ಹಾಕಿ ಅಳೆದರೆ ಹತ್ತೊಂಬತ್ತೂವರೆ ಬಂತು. ಹೀಗಿದ್ದರೂ ಅಪ್ಪನ ಬಾಯಲ್ಲಿ 'ಇನ್ನೊಂದು ಸಲ ನೋಡವ್ವ'.

ನಲವತ್ತೈದು ಗುಂಜಿ ಬಂದ ದಿನ ಅವಳು ಹಟ ಹಿಡಿದಳು. ತೊಟ್ಟಿಯ ನೀರಿನಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ತುಸು ಹೆಚ್ಚು ಉಳಿಸಿ, ಮಿಕ್ಕದ್ದನ್ನೆಲ್ಲ ಜಾಡಿಗಳಿಗೆ ತುಂಬಿಸಿದಳು. ಆ ಜಾಗಕ್ಕೆ ಪುಡಿ ಸೇರದ ಹೊಸ ನಿಕಲ್ ನೀರು ಮಾಡಿ ಹಾಕಿಸಿದಳು. ಕರಿಸಿದ್ದಪ್ಪ ಕೊಳಗದಿಂದ ನೀರು ಮೊಗೆದು ಕೊಟ್ಟ. ಅಳೆದರೆ ಸರಿಯಾಗಿ ಹನ್ನೆರಡು. ಹಿತ್ತಾಳೆಯ ಪಟ್ಟಿಯೊಂದಕ್ಕೆ ನಿಕಲ್ ಹಾಕಿ ಅಪ್ಪನ ಎದುರಿಗೇ ಮಡಿಸಿದಳು. ಪಟ್ಟಿ ಬಗ್ಗಿತು, ನಿಕಲ್ ಅದರ ಜತೆಗೇ ಬಗ್ಗಿತು, ಒಂದು ಬಿರುಕೂ ಬೀಳಲಿಲ್ಲ.

"ನೋಡಿದ್ರಾ?"

"ಭೇಷಾಗೈತೆ," ಎಂದ ಕೊಟ್ಟೂರಪ್ಪ.

ನಿರ್ಮಲ ಪುಡಿಯ ಡಬ್ಬಿಯನ್ನು ತೆಗೆದುಕೊಂಡು ಹೋಗಿ ತನ್ನ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದಳು. ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡಳು. ಇನ್ನು ಏರುವುದು ಸಾಧ್ಯವೇ ಇರಲಿಲ್ಲ. ಸಾಮಾನು ಎತ್ತುವಾಗ ಅಂಟಿಕೊಂಡು ಹೋಗುವ ನೀರಿನ ಜತೆ ಪುಡಿಯೂ ಕಳೆಯುತ್ತದೆ, ಕರೆಂಟಿಗೂ ಒಂದಿಷ್ಟು ಸವೆಯುತ್ತದೆ. ಇಳಿಯಲೇಬೇಕು.

ವಾರ ಬಿಟ್ಟು ಅಳೆದಳು. ಹದಿನಾರು. ಅದರ ಮರುವಾರ ಇಪ್ಪತ್ತೊಂದು.

ಆ ಬೆಳಗ್ಗೆ ಅವಳು ಚೀಟಿ ಹಿಡಿದು ಯಾರ ಹತ್ತಿರವೂ ಹೋಗಲಿಲ್ಲ. ಸೀದಾ ಶೆಡ್ಡಿಗೆ ಹೋಗಿ ಹುಡುಕಿದಳು. ಡೈನಮೋದ ಹಿಂದೆ, ಎಣ್ಣೆ ಬಟ್ಟೆಗಳ ಅಡಿಯಲ್ಲಿ, ಇನ್ನೊಂದು 'ನಂಬರ್ ಎರಡು' ಡಬ್ಬಿ ಇತ್ತು. ಹೊಸದು. ಮುಚ್ಚಳದ ಮೇಲೆ ರೈಲ್ವೆ ಪಾರ್ಸಲ್ಲಿನ ಚೀಟಿ, ಚೀಟಿಯ ಮೇಲೆ ಕೊಟ್ಟೂರಪ್ಪನ ಹೆಸರು.

ಕರಿಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ಗಿಡ್ಡನೆಯ ಆಳು, ಆಸಿಡ್ಡಿಗೆ ಸುಟ್ಟು ಕಪ್ಪಾದ ಬೆರಳುಗಳು. ನಿರ್ಮಲ ತೊಟ್ಟಿಲಲ್ಲಿದ್ದಾಗಿನಿಂದ ಅವಳನ್ನು ಎತ್ತಿ ಆಡಿಸಿದವನು.

"ಸಿದ್ದಪ್ಪ ಮಾವ, ಇದೇನು?"

ಅವನು ಡಬ್ಬಿಯ ಕಡೆ ನೋಡಲಿಲ್ಲ. "ಪುಡಿ ಕಣವ್ವ."

"ಹಾಕಿಲ್ಲ ಅಂತ ಪ್ರಮಾಣ ಮಾಡಿದ್ರಿ."

"ಹೊಳಪು ಬರ್ತಿಲ್ಲ, ನಿರ್ಮಲವ್ವ. ಬರೋ ತನಕ ಹಾಕ್ಬೇಕು. ನಿನ್ ಗುಂಜಿ ಕಟ್ಕೊಂಡು ನಾನೇನ್ ಮಾಡ್ಲಿ? ಮಂಕು ಸಾಮಾನು ಹೊರಗೆ ಕಳ್ಸಿದ್ರೆ ಕರಿಸಿದ್ದಪ್ಪನ ಕೆಲ್ಸ ಅಂತಾರೆ, ನಿನ್ ಸೀಸೆ ಕೆಲ್ಸ ಅನ್ನಲ್ಲ."

"ಎಲ್ಲಿ ಮಂಕು?" ತೊಟ್ಟಿಯ ಪಕ್ಕದಲ್ಲಿ ಆಗತಾನೆ ತೂಗುಹಾಕಿದ್ದ ಲೋಟವೊಂದನ್ನು ತೆಗೆದು ಅವನ ಮುಖದ ಮುಂದೆ ಹಿಡಿದಳು. "ನನ್ ಮುಖ ಕಾಣ್ತೈತೆ ಇದ್ರಾಗೆ."

"ನಿಂಗೆ ಕಾಣ್ತೈತೆ. ಹುಡುಗಿ ನೀನು, ಕೆಲ್ಸದ ಹೊಳಪು ಅಂದ್ರೆ ಯಾವುದು ಅಂತ ನಿಂಗೇನ್ ಗೊತ್ತು?"

"ಓಬಣ್ಣನ ಅಂಗೈ ಸೀಳಿದ್ದು ಯಾವ ಹೊಳಪು, ಮಾವ?"

ಆಡಬಾರದಿತ್ತು, ಆಡಿಬಿಟ್ಟಳು. ಕರಿಸಿದ್ದಪ್ಪನ ಮುಖ ಇಳಿಯಿತು. ಅವನು ಬಾಗಿಲ ಪಕ್ಕದ ಗೂಟದಿಂದ ಟವಲು ತೆಗೆದುಕೊಳ್ಳಲು ಕೈ ಚಾಚಿ, ಗೂಟ ಸಿಗದೆ ಗೋಡೆ ತಡವಿ, ಆಮೇಲೆ ತೆಗೆದುಕೊಂಡು ಹೆಗಲಿಗೆ ಹಾಕಿದ. ಸಿಟ್ಟಿಗೆ ಗೂಟವೂ ಕಾಣಲಿಲ್ಲ ಎಂದುಕೊಂಡಳು ನಿರ್ಮಲ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಅವನು ಕಲ್ಯಾಣದುರ್ಗಕ್ಕೆ ಹೊರಟುಹೋದ.

ಶೆಡ್ಡು ನಿಂತಿತು. ಇಂಜಿನ್ನಿನ ಸದ್ದಿಲ್ಲದ ಹಿತ್ತಿಲಿನಲ್ಲಿ ಕೊಟ್ಟೂರಪ್ಪ ಎರಡು ದಿನ ಅತ್ತಿಂದಿತ್ತ ಓಡಾಡಿದ. ಎರಡನೆಯ ಡಬ್ಬಿ ತರಿಸಿಕೊಟ್ಟದ್ದೇಕೆಂದು ಕೇಳಿದರೆ ಮಂಡಿಗೆ ಹೊತ್ತಾಯಿತು ಎನ್ನುತ್ತಿದ್ದ. ಮೂರನೆಯ ದಿನ ಬಾಯಿಬಿಟ್ಟ.

"ನಡಿ, ಹೋಗಿ ಕರ್ಕೊಂಡು ಬರಾನ. ನೀನೂ ಬಾ. ತಪ್ಪಾಯ್ತು ಅಂತ ಒಂದು ಮಾತು ಅಂದ್ಬುಡು."

"ನಾನ್ ಯಾಕನ್ಲಿ? ಸುಳ್ಳು ಹೇಳಿದ್ದು ಅವರು. ಕದ್ದು ಪುಡಿ ತರಿಸಿಕೊಟ್ಟಿದ್ದು ನೀವು."

"ಹಿರೀಕರು ಕಣವ್ವ."

ಲೆಕ್ಕ ಸರಿಯಿದ್ದವಳು ತಪ್ಪಾಯ್ತು ಎನ್ನಬೇಕು, ತಪ್ಪಿದವರು ಹಿರೀಕರು. ರೊದ್ದದ ದಾರಿಯಲ್ಲಿ ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗ ಮುಟ್ಟುವ ತನಕ ಅವಳು ಅಪ್ಪನ ಹಿಂದಿನ ಸೀಟಿನಲ್ಲೇ ಕೂತಳು. ಚೀಲದಲ್ಲಿ ಎರಡು ಹಿತ್ತಾಳೆ ಪಟ್ಟಿ ಇಟ್ಟುಕೊಂಡಿದ್ದಳು. ಒಂದು ಹನ್ನೆರಡು ಗುಂಜಿಯ ನೀರಿನಲ್ಲಿ ನಿಕಲ್ ಹಾಕಿದ್ದು, ಕನ್ನಡಿಯಂಥದ್ದು. ಇನ್ನೊಂದು ಪುಡಿಯೇ ಇಲ್ಲದ ನೀರಿನಲ್ಲಿ ಹಾಕಿದ್ದು, ಬೂದಿ ಬಳಿದಂತೆ ಮಂಕು. ತಪ್ಪಾಯ್ತು ಎನ್ನುವ ಮೊದಲು, ಯಾವುದು ಹೊಳಪು ಎಂದು ಅವನ ಬಾಯಿಂದಲೇ ಹೇಳಿಸಬೇಕೆಂದು ಅವಳ ಹಟ.

ಕರಿಸಿದ್ದಪ್ಪನ ಮನೆ ಬಸ್ ನಿಲ್ದಾಣಕ್ಕೆ ದೂರವೇನಿರಲಿಲ್ಲ. ಅವನ ಹೆಂಡತಿ ಹಂಪಮ್ಮ ಬಾಗಿಲಲ್ಲೇ ಎದುರುಗೊಂಡು, ಚಾಪೆ ಹಾಸಿ, ನೀರು ಕೊಟ್ಟು, ಗಂಡ ತೋಟಪ್ಪನ ಅಂಗಡಿಯ ತನಕ ಹೋಗಿದ್ದಾನೆ, ಈಗ ಬರುತ್ತಾನೆ ಎಂದಳು. ಕೂತ ಮೇಲೆ ಅವಳ ದೂರು ಶುರುವಾಯಿತು. ಗಂಡ ವರ್ಷದ ತುಂಬ ಹಿಂದೂಪುರದಲ್ಲೇ ಇರುವವನು, ಹಬ್ಬಕ್ಕೆ ಬಂದು ಹೋಗುವವನು. ಈ ಸಲ ಬಂದು ಮೂರು ದಿನಕ್ಕೇ ಅವಳಿಗೆ ಸಾಕಾಗಿತ್ತು.

"ಏನ್ ಹೇಳ್ಲಿ ಕೊಟ್ಟೂರಣ್ಣ, ಕೂತ್ರೆ ನಿಂತ್ರೆ ಜಗಳ. ಲಾಟೀನ್ ಗಾಜು ಒರೆಸಿಲ್ಲ ಅಂತಾರೆ. ಊಟದ ತಟ್ಟೆ ತೊಳ್ದಿಲ್ಲ ಅಂತಾರೆ. ಮೂರ್ ಸಲ ಬೂದಿ ಹಾಕಿ ಉಜ್ಜಿದೀನಿ, ನೋಡವ್ವ ನಿರ್ಮಲ, ನೀನೇ ನೋಡು," ಎಂದು ಒಳಗಿನಿಂದ ಕಂಚಿನ ತಟ್ಟೆ ತಂದು ಅವಳ ಮಡಿಲಿಗೇ ಇಟ್ಟಳು.

ತಟ್ಟೆ ಚಿನ್ನದಂತೆ ಹೊಳೆಯುತ್ತಿತ್ತು. ನಿರ್ಮಲ ಅದನ್ನೇ ನೋಡುತ್ತ ಕೂತಳು. ತೊಳೆದ ತಟ್ಟೆ ಮಂಕು. ಒರೆಸಿದ ಗಾಜು ಮಂಕು. ಕನ್ನಡಿಯಂಥ ಲೋಟ ಮಂಕು. ಗೂಟ ಸಿಗದೆ ಗೋಡೆ ತಡವಿದ ಕೈ.

ಕರಿಸಿದ್ದಪ್ಪ ಬಂದ. ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದ. ಕೊಟ್ಟೂರಪ್ಪನ ದನಿ ಕೇಳಿ ಅತ್ತ ತಿರುಗಿ, "ಬಂದ್ಯಾ ಕೊಟ್ಟೂರಣ್ಣ," ಎಂದ. ನಿರ್ಮಲ ಮಾತಾಡದೆ ಸುಮ್ಮನಿದ್ದಳು. ಅವಳು ಮೂರು ಮಾರು ದೂರದಲ್ಲಿ ಕೂತಿದ್ದರೂ ಅವನು ಅವಳನ್ನು ಮಾತಾಡಿಸಲಿಲ್ಲ.

ಅವಳು ಎದ್ದು ಹತ್ತಿರ ಹೋದಳು. "ಮಾವ, ನಾನು ನಿರ್ಮಲ. ಇವೆರಡರಾಗೆ ಹೊಳಪಿರೋದು ಯಾವುದು ಹೇಳಿ."

ಅವನು ಎರಡೂ ಪಟ್ಟಿ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಸವರಿ, ಬಲಗೈಯದನ್ನು ಮುಂದೆ ಚಾಚಿದ. "ಇದು. ಇನ್ನೊಂದು ಒರಟು."

ಸರಿಯಾಗಿತ್ತು. ಇಪ್ಪತ್ತು ವರ್ಷದ ಬೆರಳು. ನಿರ್ಮಲ ಎರಡನ್ನೂ ವಾಪಸು ಪಡೆದು, ಬಾಗಿಲ ಬೆಳಕಿಗೆ ಹೋಗಿ ನಿಂತು ಅದಲುಬದಲು ಮಾಡಿ ಎತ್ತಿ ಹಿಡಿದಳು.

"ಈಗ ಮುಟ್ಟದಂಗೆ ಹೇಳಿ."

ಕರಿಸಿದ್ದಪ್ಪ ಅವಳ ಕಡೆ ಮುಖ ಮಾಡಿ ನಿಂತ. ಹಂಪಮ್ಮ ಗಂಡನ ಮುಖ ನೋಡಿದಳು, ಪಟ್ಟಿಗಳನ್ನು ನೋಡಿದಳು. ಹೊರಗೆ ಬೀದಿಯಲ್ಲಿ ಯಾರೋ ತೆಲುಗಿನಲ್ಲಿ ಎತ್ತುಗಳನ್ನು ಗದರಿಸುತ್ತ ಹೋದರು. ಅವನು ಮುಟ್ಟಲು ಚಾಚಿದ ಕೈಯನ್ನು ಅರ್ಧಕ್ಕೇ ಹಿಂದೆ ತೆಗೆದುಕೊಂಡ.

"ಎಷ್ಟು ದಿನದಿಂದ, ಮಾವ?"

"ವರ್ಷದ ಮೇಲಾಯ್ತು," ಎಂದ ಕರಿಸಿದ್ದಪ್ಪ. "ಮೊದ್ಲು ಮಂಜು ಬಿದ್ದಂಗೆ ಇತ್ತು. ಈಗ ಹಾಲಿನೊಳಗಿಂದ ನೋಡ್ದಂಗೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಕಣ್ಣು ಕಾಣ್ದ ಮೇಸ್ತ್ರಿನ ಯಾರಿಟ್ಕೊಂತಾರವ್ವ?"

ಹಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಿರ್ಮಲಳಿಗೆ ಮರುಕವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚಾಗಿ ಬಂತು. ಎರಡು ತಿಂಗಳು ಅವಳು ಕೋಳಿ ಕೂಗುವ ಮುಂಚೆ ಎದ್ದು, ಡಾಕ್ಟರ ಕಾಲು ಹಿಡಿದು ಈಥರು ತಂದು, ಅವ್ವನ ಬೈಗುಳ ತಿಂದು ಅಳೆದದ್ದು ಏನನ್ನು? ತೊಟ್ಟಿಯಲ್ಲಿ ಏರುತ್ತಿದ್ದ ಗುಂಜಿಯ ಹಿಂದೆ ಏರುತ್ತಿದ್ದುದು ಈ ಮನುಷ್ಯನ ಕಣ್ಣಿನ ಪೊರೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವಳು ಅಪ್ಪನ ಕಡೆ ತಿರುಗಿದಳು. ಕೊಟ್ಟೂರಪ್ಪ ಚಾಪೆಯ ಅಂಚಿನ ನಾರು ಕೀಳುತ್ತ ಕೂತಿದ್ದ. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ಅಪ್ಪ, ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಕಣವ್ವ."

"ಮತ್ತೆ ನಂಗ್ಯಾಕೆ ಅಳೆಯೋಕೆ ಹೇಳಿದ್ರಿ?"

ಕೊಟ್ಟೂರಪ್ಪ ತಲೆ ಎತ್ತಲಿಲ್ಲ. "ನೀನು ಅಳ್ದು, ಇಷ್ಟು ಜಾಸ್ತಿ ಐತೆ ಅಂತ ಎದುರಿಗೆ ಇಟ್ರೆ ಅವನೇ ಒಪ್ಕೊಂತಾನೆ ಅಂದ್ಕೊಂಡೆ. ಅದಕ್ಕೇ ಇನ್ನೊಂದು ಸಲ ನೋಡು ಅಂತ ದಿನ ತಳ್ದೆ. ಇಪ್ಪತ್ತು ವರ್ಷ ಜತೇಲಿ ಉಂಡವ್ನಿಗೆ, ನಿನ್ ಕಣ್ಣು ಹೋಗೈತೆ ಕಣ್ಲಾ ಅಂತ ನಾನೆಂಗೆ ಹೇಳ್ಲಿ?"

"ಅದಕ್ಕೆ ಎರಡನೇ ಡಬ್ಬಿ ತರಿಸ್ಕೊಟ್ರಾ?"

"ಕೇಳ್ದ. ಇಲ್ಲ ಅನ್ನೋಕಾಗ್ಲಿಲ್ಲ."

ನಿರ್ಮಲ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಒಬ್ಬ ಹೇಳಲಾರ, ಇನ್ನೊಬ್ಬ ಕೇಳಲಾರ. ಇಬ್ಬರ ಸಂಕೋಚವೂ ಸೇರಿ ಒಬ್ಬ ಟೈಲರನ ಅಂಗೈ ಸೀಳಿತ್ತು. ಅದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದಳು. ಕರಿಸಿದ್ದಪ್ಪ ಅವಳಿಗಿಂತ ಮುಂಚೆ ಮಾತಾಡಿದ.

"ಓಬಣ್ಣನ ಮನೆಗೆ ಹೋಗಿದ್ದೆ. ತೋಟಪ್ಪ ಕರ್ಕೊಂಡು ಹೋದ. ಗಾಯ ಮುಟ್ಟಿ ನೋಡ್ದೆ. ಕೂಡೈತೆ, ಆದ್ರೆ ಬೆರಳು ಪೂರ್ತಿ ಮಡ್ಸೋಕಾಗಲ್ಲ ಇನ್ನೂ."

ನಿರ್ಮಲ ಎರಡೂ ಪಟ್ಟಿಗಳನ್ನು ಚೀಲಕ್ಕೆ ಹಾಕಿದಳು.

ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಹೋಗೆಂದರೆ ಕರಿಸಿದ್ದಪ್ಪ ಸುಲಭಕ್ಕೆ ಒಪ್ಪಲಿಲ್ಲ. ಕಣ್ಣಿಗೆ ಕತ್ತಿ ಹಾಕಿಸಿಕೊಂಡ ಕುಂದುರ್ಪಿಯ ಒಬ್ಬನಿಗೆ ಇದ್ದದ್ದೂ ಹೋಯಿತಂತೆ. ಈಗ ಬಿಸಿಲುಗಾಲ, ಮಳೆಗಾಲ ಬರಲಿ. ಮಳೆಗಾಲದಲ್ಲಿ ಗಾಯ ಮಾಯುವುದಿಲ್ಲ, ಚಳಿಗಾಲ ಬರಲಿ. ಊಟಕ್ಕೆ ಕೂತಾಗಲೂ ಅದೇ ಮಾತು, ಎದ್ದಾಗಲೂ ಅದೇ ಮಾತು. ಕೊಟ್ಟೂರಪ್ಪ ಎಲ್ಲಕ್ಕೂ ಹೂಂ ಎನ್ನುತ್ತಿದ್ದ. ಕೊನೆಗೆ ನಿರ್ಮಲ, "ನೀವು ಹೋಗೋ ತನಕ ನಾನು ಶೆಡ್ಡಿನ ಬೀಗ ತೆಗೆಯಲ್ಲ. ಕೈಗುಣ ಅಂತೀರಲ್ಲ, ಈ ಕೈಗೆ ಕಣ್ಣು ಬೇಕು ಮಾವ," ಎಂದಳು.

"ಹೋದ್ರೆ, ನಾನ್ ಬರೋ ತನಕ ತೊಟ್ಟಿ ಯಾರ್ ನೋಡ್ಕೊಂತಾರೆ?"

"ನಾನು."

"ಬೇರೆಯವ್ರ ಕೈಗೆ ಪುಡಿ ಕೊಡ್ಬ್ಯಾಡ. ನಿಮ್ಮಪ್ಪನಿಗೂ."

"ಅಪ್ಪನಿಗೆ ಮೊದಲೇ ಕೊಡಲ್ಲ," ಎಂದಳು ನಿರ್ಮಲ.

ಯುಗಾದಿ ಕಳೆದ ಮೇಲೆ ಹಂಪಮ್ಮ ಗಂಡನನ್ನು ಕರೆದುಕೊಂಡು ಬೆಂಗಳೂರಿಗೆ ಹೋದಳು. ಎರಡು ಕಣ್ಣಿನಲ್ಲಿ ಬಲಗಣ್ಣಿಗೆ ಆಪರೇಷನ್ನಾಯಿತು. ಎಡದ್ದು ತೀರ ಹಳೆಯದಾಗಿ ಕೆಟ್ಟಿದೆ, ಮುಟ್ಟುವುದು ಬೇಡವೆಂದರು ಡಾಕ್ಟರು. ಕಟ್ಟು ಬಿಚ್ಚಿ, ಕನ್ನಡಕ ಮಾಡಿಸಿ ವಾಪಸು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಅಷ್ಟರಲ್ಲಿ ನಿರ್ಮಲ ತೋಟಪ್ಪನ ಹ್ಯಾಂಡಲ್ಲುಗಳನ್ನೆಲ್ಲ ಸಿಪ್ಪೆ ತೆಗೆಸಿ, ಉಜ್ಜಿಸಿ, ಹೊಸದಾಗಿ ನಿಕಲ್ ಹಾಕಿ ಕಳಿಸಿದಳು. ಒಂದೊಂದು ಸರದಿಯ ಜತೆಗೂ ಒಂದು ಪಟ್ಟಿ ಇಳಿಬಿಟ್ಟು, ಮಡಿಸಿ ನೋಡಿ, ಆಮೇಲೆ ಕಟ್ಟಿಸುತ್ತಿದ್ದಳು. ಓಬಣ್ಣನ ಮನೆಗೆ ಕೊಟ್ಟೂರಪ್ಪ ತಾನೇ ಹೋಗಿ, ಬೆರಳು ಮಡಿಸಲಾಗುವ ತನಕ ಮನೆ ಖರ್ಚು ತನ್ನದೆಂದು ಹೇಳಿ ಬಂದ. ತಾನು ಹೋದದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತೋಟಪ್ಪನ ಬಾಯಿಂದ ತಿಳಿಯಿತು. ಆ ಮನುಷ್ಯನಿಗೆ ಒಳ್ಳೆಯದನ್ನೂ ಬಾಯಿಬಿಟ್ಟು ಹೇಳಲು ಬರುವುದಿಲ್ಲವಲ್ಲ ಎಂದು ನಿರ್ಮಲ ಹಣೆ ಚಚ್ಚಿಕೊಂಡಳು.

ಕರಿಸಿದ್ದಪ್ಪ ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಬಂದ ದಿನ ಎಲ್ಲದಕ್ಕೂ ತಪ್ಪು ಹುಡುಕಿದ. ಗೋಡೆಗೆ ಸುಣ್ಣ ಹೊಡೆಸಿಲ್ಲ. ತೊಟ್ಟಿಯ ಅಂಚಿನಲ್ಲಿ ಹಸಿರು ಉಪ್ಪು ಹೆಪ್ಪುಗಟ್ಟಿದೆ, ಯಾರೂ ಕೆರೆದಿಲ್ಲ. ನಿಂಬೆಹಣ್ಣು ಒಣಗಿ ಕಪ್ಪಾಗಿದೆ. ಮೂಲೆಯಲ್ಲಿ ಬಿದ್ದಿದ್ದ, ತಾನೇ ನಿಕಲ್ ಹಾಕಿದ್ದ ಬೇರೆ ಅಂಗಡಿಯ ಹಳೆಯ ಹ್ಯಾಂಡಲ್ಲೊಂದನ್ನು ಎತ್ತಿ ತಿರುಗಿಸಿ ನೋಡಿ, "ಇಷ್ಟೊಂದು ಹೊಳಪು ಯಾವನು ಹಾಕ್ದ?" ಎಂದ. ಕೇಳಿದವನಿಗೇ ನೆನಪಾಯಿತು. ಅವನೇ ಅದನ್ನು ನಿಧಾನವಾಗಿ ಗೋಡೆಗೆ ಒರಗಿಸಿ ಇಟ್ಟ.

ಮರುದಿನ ಬೆಳಗ್ಗೆ ನಿರ್ಮಲ ತೊಟ್ಟಿಯ ನೀರು ಅಳೆಯಲು ಕೂತಾಗ ಅವನು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಈಥರು ಕುಲುಕುವುದನ್ನು, ಪದರ ಬೇರೆಯಾಗುವುದನ್ನು, ಅದು ಗಾಳಿಗಿಟ್ಟ ಬಟ್ಟಲಲ್ಲಿ ಆರಿ ತಳದಲ್ಲಿ ಬಿಳಿ ಉಳಿಯುವುದನ್ನು ಒಂದೇ ಕಣ್ಣಿನಲ್ಲಿ ನೋಡಿದ. ಮಧ್ಯೆ ಮಧ್ಯೆ, ಈ ನೀರೇನು, ಆ ನೀರೇನು ಎಂದು ಕೇಳಿದ. ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ಕೊನೆಗೆ ಕೊಳವೆಯಿಂದ ಸೋಡದ ಹನಿ ಬಿಡತೊಡಗಿದಾಗ ಮುಖವನ್ನು ಬಟ್ಟಲಿನ ಮೇಲೇ ತಂದ.

"ದೂರ ಇರಿ ಮಾವ, ಕನ್ನಡಕ ಬೀಳ್ತೈತೆ."

"ಬಂತು," ಎಂದ ಕರಿಸಿದ್ದಪ್ಪ.

"ಏನು ಬಂತು? ಇನ್ನೂ ಬೆಳ್ಳಗೈತೆ."

"ಬಂತು ಕಣವ್ವ. ಕೆಂಪು ಬಂತು."

ಅವಳಿಗೆ ಏನೂ ಕಾಣಲಿಲ್ಲ. ಇನ್ನೊಂದು ಹನಿ ಬಿಟ್ಟಳು. ನೀರು ಕಡು ಗುಲಾಬಿಯಾಗಿಹೋಯಿತು. ಒಂದು ಹನಿ ಹೆಚ್ಚಾಗಿತ್ತು. ಇಷ್ಟು ದಿನ ಈಥರು ಖರ್ಚು ಮಾಡಿ, ಒಂದು ಹನಿಯ ಲೆಕ್ಕ ಇವನ ಎದುರಿಗೆ ತಪ್ಪಿತು. ಅವಳು ಮತ್ತೊಂದು ಬಟ್ಟಲಿಗೆ ನೀರು ತೆಗೆದು ಮೊದಲಿನಿಂದ ಎಲ್ಲ ಮಾಡಿದಳು. ಅಡುಗೆಮನೆಯಿಂದ ಸರ್ವಮಂಗಳಮ್ಮ, ಒಲೆ ಹಚ್ಚಲೋ ಬೇಡವೋ ಎಂದು ಎರಡು ಸಲ ಕೂಗಿದಳು. ಈ ಸಲ ಕರಿಸಿದ್ದಪ್ಪ 'ಬಂತು' ಎಂದ ಕೂಡಲೇ ತಿರುಪು ಮುಚ್ಚಿ, ಬಟ್ಟಲನ್ನು ಬೆಳ್ಳನೆಯ ಕಾಗದದ ಮೇಲಿಟ್ಟು ಬಗ್ಗಿ ನೋಡಿದಳು. ತಾವರೆಯ ಎಸಳಿನ ಬುಡದಷ್ಟು ತೆಳು ಬಣ್ಣ, ಇತ್ತು.

"ಎಷ್ಟು?" ಎಂದ.

"ಹನ್ನೊಂದೂವರೆ."

"ಸೇರಿಗೆ ಅರ್ಧ ಗುಂಜಿ ಹಾಕ್ಲಾ?"

"ಬ್ಯಾಡ. ಸೋಮವಾರ ನೋಡಾನ."

"ಸೋಮವಾರಕ್ಕೆ ಹನ್ನೊಂದಾಗಿರ್ತೈತೆ."

"ಆಗ್ಲಿ ಮಾವ."

ಅವನು ಗೊಣಗುತ್ತ ಎದ್ದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇಂಜಿನ್ ಶುರು ಮಾಡಲು ಹೋದ. ನಿರ್ಮಲ ಪುಸ್ತಕದಲ್ಲಿ ಹನ್ನೊಂದೂವರೆ ಎಂದು ಬರೆದು, ಅಡುಗೆಮನೆಯ ಕಡೆ ತಿರುಗಿ, ಒಲೆ ಹಚ್ಚಬಹುದೆಂದು ಅವ್ವನಿಗೆ ಕೂಗಿ ಹೇಳಿದಳು.